ಎಂಜಿನಿನ ಜಾತಕ

ಹಳೆಯ ಮೋಟಾರು ಕಾರುಗಳ ಪ್ರದರ್ಶನಕ್ಕೆ ಹೋದವರು ಪ್ರತಿಯೊಂದು ಗಾಡಿಯ ಮುಂದೆಯೂ ಒಂದು ಹಲಗೆ, ಹಲಗೆಯ ಮೇಲೊಂದು ಇಸವಿ ಇರುವುದನ್ನು ಕಂಡಿದ್ದಾರೆ. ಆ ಇಸವಿಯನ್ನು ಯಾರೂ ಪ್ರಶ್ನಿಸುವುದಿಲ್ಲ. ‘ನಮ್ಮ ತಾತನ ಕಾಲದ್ದು’ ಎಂದು ಯಜಮಾನರು ಹೇಳಿದರೆ ನಾವು ತಲೆದೂಗಿ ಮುಂದಕ್ಕೆ ನಡೆಯುತ್ತೇವೆ. ಆದರೆ ತಾತನ ಕಾಲವೆಂಬುದು ಬಹು ವಿಶಾಲವಾದ ಕಾಲ. ಬ್ರಿಟನ್ನಿನಲ್ಲಿ ಹಳೆಯ ಕಾರುಗಳ ಸಂಘದವರು 1918ರ ಕೊನೆಯವರೆಗಿನ ಗಾಡಿಗಳನ್ನು ‘ವೆಟರನ್’ ಎಂದೂ 1919ರಿಂದ 1930ರವರೆಗಿನವನ್ನು ‘ವಿಂಟೇಜ್’ ಎಂದೂ ವಿಂಗಡಿಸುತ್ತಾರೆ. ಒಂದು ವರ್ಷದ ಹೆಚ್ಚು ಕಡಿಮೆಯಿಂದ ಗಾಡಿಯ ಕುಲವೇ ಬದಲಾಗಿಬಿಡುತ್ತದೆ. ಹೀಗಿರುವಾಗ ಇಸವಿಯನ್ನು ಹೇಳುವವರು ಯಾರು? ಯಜಮಾನರಲ್ಲ, ಎಂಜಿನು.

ಫೋರ್ಡ್ ಕಂಪೆನಿಯ ಮಾಡೆಲ್ ಟಿ ಗಾಡಿಯನ್ನೇ ತೆಗೆದುಕೊಳ್ಳೋಣ. 1908ರ ಅಕ್ಟೋಬರಿನಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ಹುಟ್ಟಿದ ಈ ಗಾಡಿ 1927ರ ಮೇ ತಿಂಗಳಲ್ಲಿ ನಿಲ್ಲುವ ಹೊತ್ತಿಗೆ ಒಂದೂವರೆ ಕೋಟಿಯನ್ನು ಮುಟ್ಟಿತ್ತು. ಅಷ್ಟಕ್ಕೂ ಒಂದೇ ಬಗೆಯ ಎಂಜಿನು: ನಾಲ್ಕು ಸಿಲಿಂಡರು, ಇಪ್ಪತ್ತು ಕುದುರೆಯ ಶಕ್ತಿ, ಅದೇ ಅಳತೆ. ದೂರದಿಂದ ನೋಡಿದವರಿಗೆ 1912ರದಕ್ಕೂ 1925ರದಕ್ಕೂ ಭೇದವೇ ತಿಳಿಯದು. ಹತ್ತಿರ ಹೋಗಿ ಕೈಯಿಂದ ಎಣ್ಣೆಯ ಜಿಡ್ಡನ್ನು ಒರೆಸಿದವರಿಗೆ ಮಾತ್ರ ಅದು ಮಾತನಾಡುತ್ತದೆ.

ಶಾಸನಗಳ ಕಾಲವನ್ನು ನಿರ್ಣಯಿಸುವಾಗ ವಿದ್ವಾಂಸರು ಎರಡು ದಾರಿಗಳನ್ನು ಹಿಡಿಯುತ್ತಾರಷ್ಟೆ. ಶಾಸನವೇ ಶಕವರ್ಷವನ್ನು ಹೇಳಿದರೆ ಒಂದು ದಾರಿ. ಹೇಳದಿದ್ದರೆ ಲಿಪಿಯ ಲಕ್ಷಣವನ್ನು ನೋಡಿ ಊಹಿಸುವುದು ಇನ್ನೊಂದು. ನಮ್ಮ ಹಲ್ಮಿಡಿ ಶಾಸನದಲ್ಲಿ ತೇದಿಯಿಲ್ಲ. ಅದನ್ನು ಸುಮಾರು 450ರದೆಂದು ಹೇಳುವುದು ಲಿಪಿಯ ಬಲದಿಂದ. ಎಂಜಿನಿನಲ್ಲಿಯೂ ಹೀಗೆಯೇ.

ಮೊದಲು ಲಿಪಿ. ಪ್ರಾರಂಭದ ಸುಮಾರು 2,500 ಎಂಜಿನುಗಳಲ್ಲಿ ನೀರನ್ನು ತಿರುಗಿಸಲು ಪಂಪು ಇತ್ತು. ಆಮೇಲೆ ಅದನ್ನು ತೆಗೆದುಹಾಕಿ, ಕಾದ ನೀರು ತಾನಾಗಿಯೇ ಮೇಲೇರುವ ಸ್ವಭಾವಕ್ಕೆ ಆ ಕೆಲಸವನ್ನು ಒಪ್ಪಿಸಿದರು. 1911ರವರೆಗೆ ವಾಲ್ವುಗಳು ಬಯಲಿನಲ್ಲಿಯೇ ಕುಣಿಯುತ್ತಿದ್ದುವು. ಆ ವರ್ಷ ಅವಕ್ಕೆ ಎರಡು ಮುಚ್ಚಳಗಳು ಬಂದುವು. 1922ರಲ್ಲಿ ಎರಡರ ಬದಲು ಒಂದೇ ಆಯಿತು. ಮೇಲಿನ ಹೆಡ್ಡು 1917ರಲ್ಲಿ ಎತ್ತರವಾಯಿತು. 1919ರಲ್ಲಿ ವಿದ್ಯುತ್ ಸ್ಟಾರ್ಟರು ಬಂದಾಗ ಜನರೇಟರನ್ನು ಕೂರಿಸಲು ಬ್ಲಾಕಿನ ಮುಂಭಾಗದ ಆಕಾರವೇ ಬದಲಾಯಿತು.

ಇನ್ನು ತೇದಿ. ಎಂಜಿನಿನ ಎಡಮಗ್ಗುಲಲ್ಲಿ ನೀರು ಒಳಹೋಗುವ ಕಡೆಯ ಮೇಲ್ಗಡೆ ಒಂದು ಸಣ್ಣ ಚಪ್ಪಟೆ ದಿಮ್ಮಿ ಉಂಟು. ಸಂಖ್ಯೆಯನ್ನು ಒತ್ತಿರುವುದು ಅಲ್ಲಿ. 10 ಲಕ್ಷದ ಎಂಜಿನು ಸಿದ್ಧವಾದದ್ದು 1915ರ ಡಿಸೆಂಬರಿನಲ್ಲಿ, ಒಂದು ಕೋಟಿಯದು 1924ರ ಜೂನಿನಲ್ಲಿ. ನಡುವಣ ಸಂಖ್ಯೆಗಳಿಗೂ ಪಟ್ಟಿಗಳಿವೆ. ಸಂಖ್ಯೆ ಸಿಕ್ಕಿದರೆ ತಿಂಗಳು ಸಿಕ್ಕಿದಂತೆಯೇ. ಇದಲ್ಲದೆ ಬ್ಲಾಕಿನ ಪಕ್ಕದಲ್ಲಿ ಎರಕದ ತಾರೀಖು ಉಬ್ಬಿಕೊಂಡಿರುತ್ತದೆ. 4 9 23 ಎಂದಿದ್ದರೆ ನಮ್ಮವರು ಸೆಪ್ಟೆಂಬರ್ 4 ಎಂದು ಓದಿಬಿಡುತ್ತಾರೆ. ಅಮೆರಿಕದವರು ತಿಂಗಳನ್ನು ಮುಂದಿಡುವ ಜನ, ಅದು 1923ರ ಏಪ್ರಿಲ್ 9. ಐದು ತಿಂಗಳ ತಪ್ಪು ಸಣ್ಣದೆಂದು ತೋರಬಹುದು. ಆದರೆ ಎರಕ ಮುಂಚೆ, ಸಂಖ್ಯೆ ಆಮೇಲೆ ಎಂಬುದು ಇಲ್ಲಿನ ಮೂಲಸೂತ್ರ. ತಾರೀಖನ್ನು ತಲೆಕೆಳಗಾಗಿ ಓದಿದವರಿಗೆ ಮಗು ಹುಟ್ಟುವುದಕ್ಕೆ ಮೊದಲೇ ನಾಮಕರಣವಾದಂತೆ ಕಾಣುತ್ತದೆ.

ಕೆಲವು ವೇಳೆ ಸರಿಯಾಗಿ ಓದಿದರೂ ಹಾಗೆಯೇ ಕಾಣುವುದುಂಟು. ಸಂಖ್ಯೆ 1915ರ ಕೊನೆಯದು, ಎರಕ 6 17 20, ಅಂದರೆ 1920ರ ಜೂನ್ 17 ಎಂದಿಟ್ಟುಕೊಳ್ಳಿ. ಮೋಸವೆಂದು ಕೂಗುವುದು ಸುಲಭ. ಗಂಗರ ತಾಮ್ರಪಟಗಳ ವಿಷಯದಲ್ಲಿ ಫ್ಲೀಟರು, ಹೇಳುವ ಕಾಲಕ್ಕೂ ಲಿಪಿಗೂ ಹೊಂದದ ಪಟಗಳು ಕೂಟವೆಂದು ತೀರ್ಪು ಕೊಟ್ಟರು, ಬಿ. ಎಲ್. ರೈಸರು ಒಪ್ಪಲಿಲ್ಲ. ಎಂಜಿನಿನ ಮಟ್ಟಿಗೆ ನಾನು ರೈಸರ ಕಡೆಯವನು. ಬ್ಲಾಕು ಒಡೆದುಹೋದಾಗ ಹೊಸದನ್ನು ತರಿಸಿ ಅದರ ಮೇಲೆ ಹಳೆಯ ಸಂಖ್ಯೆಯನ್ನೇ ಒತ್ತುವ ಪದ್ಧತಿಯಿತ್ತು. ಗಾಡಿಯ ಗುರುತು ಆ ಸಂಖ್ಯೆಯೇ ಆಗಿದ್ದುದರಿಂದ ಅದನ್ನು ಬಿಡುವಂತಿರಲಿಲ್ಲ. ಆದರೆ ದಿಮ್ಮಿಯ ಮೇಲೆ ಅರದ ಗೆರೆಗಳು ಕಂಡರೆ, ಅಂಕೆಗಳು ಓರೆಕೋರೆಯಾಗಿದ್ದರೆ, ಆಗ ಫ್ಲೀಟರನ್ನು ನೆನೆಯಬೇಕು.

ಊರಿನ ಪ್ರಶ್ನೆ ಇನ್ನೂ ಸ್ವಾರಸ್ಯವಾದುದು. ಸಂಖ್ಯೆಯ ಹಿಂದೆ ‘ಸಿ’ ಎಂಬ ಅಕ್ಷರವಿದ್ದರೆ ಎಂಜಿನು ಅಮೆರಿಕದ್ದಲ್ಲ, ಕೆನಡಾದ್ದು. 1904ರಲ್ಲಿ ಸ್ಥಾಪಿತವಾದ ಕೆನಡಾದ ಫೋರ್ಡ್ ಕಂಪೆನಿಗೆ ಬ್ರಿಟನ್ನನ್ನು ಬಿಟ್ಟು ಉಳಿದ ಬ್ರಿಟಿಷ್ ಸಾಮ್ರಾಜ್ಯದಲ್ಲಿ ಮಾರುವ ಹಕ್ಕಿದ್ದಿತು. 1926ರಲ್ಲಿ ಸ್ಥಾಪಿತವಾದ ಭಾರತದ ಫೋರ್ಡ್ ಕಂಪೆನಿಯೂ ಅದರ ಮಗಳೇ. ಆದುದರಿಂದ ನಮ್ಮ ಕಡೆಯ ಹಳೆಯ ಶೆಡ್ಡಿನಲ್ಲಿರುವ ಮಾಡೆಲ್ ಟಿ ಎಂಜಿನಿನ ಮೇಲೆ ‘ಸಿ’ ಕಂಡರೆ ಆಶ್ಚರ್ಯವಿಲ್ಲ. ಕಾಣದಿದ್ದರೆ ಅದು ಇಲ್ಲಿಗೆ ಹೇಗೆ ಬಂತೆಂದು ಕೇಳಬೇಕು. ಕೆನಡಾದವರು ಸುಮಾರು 1913ರಿಂದ ತಮ್ಮದೇ ಲೆಕ್ಕವನ್ನು ಒಂದರಿಂದ ಆರಂಭಿಸಿದರು. ಅಮೆರಿಕದ ಪಟ್ಟಿಯಲ್ಲಿ 2 ಲಕ್ಷವೆಂದರೆ 1913ರ ಆಸುಪಾಸು. ಕೆನಡಾದ 2 ಲಕ್ಷ ಅದಕ್ಕಿಂತ ಎಷ್ಟೋ ವರ್ಷ ಈಚಿನದು. ‘ಸಿ’ಯನ್ನು ಗಮನಿಸದೆ ಅಮೆರಿಕದ ಪಟ್ಟಿಯನ್ನು ತೆರೆದರೆ, ಗಾಡಿಗೆ ಅರಿಯದೆಯೇ ವಯಸ್ಸು ಏರಿಸಿದಂತಾಗುತ್ತದೆ.

ಇಷ್ಟಾದರೂ ತಿಳಿದದ್ದು ಎಂಜಿನಿನ ವಯಸ್ಸು, ಗಾಡಿಯದಲ್ಲ. ಗಾಡಿ 1927ರಲ್ಲಿ ನಿಂತರೂ ಬದಲಿಗೆ ಬೇಕಾಗುವ ಎಂಜಿನುಗಳ ತಯಾರಿಕೆ 1941ರ ಆಗಸ್ಟ್ 4ರವರೆಗೆ ನಡೆಯಿತು. ಹೀಗೆ ಹುಟ್ಟಿದವು ಒಂದೂವರೆ ಲಕ್ಷಕ್ಕೂ ಮಿಕ್ಕಿದುವು. 1926ರ ಮಾದರಿಯ ಕಾಲದಿಂದ ಚಾಸಿಯ ಮೇಲೂ ಸಂಖ್ಯೆಯನ್ನು ಒತ್ತಿದುದರಿಂದ ಅಂಥ ಗಾಡಿಗಳಲ್ಲಿ ಎರಡನ್ನೂ ತಾಳೆ ನೋಡಬಹುದು. ಅದಕ್ಕೂ ಹಿಂದಿನವುಗಳಲ್ಲಿ ಚಾಸಿ ಮೌನವಾಗಿರುತ್ತದೆ. 1914ರ ಬಾಡಿ, 1930ರ ದಶಕದ ಎಂಜಿನು ಇರುವ ಗಾಡಿಯ ಯಜಮಾನರು ಹಲಗೆಯ ಮೇಲೆ ಎರಡು ಇಸವಿಗಳನ್ನೂ ಬರೆಯಿಸಬೇಕು. ಜಾಗ ಸಾಲದಿದ್ದರೆ ಸ್ವಲ್ಪ ದೊಡ್ಡ ಹಲಗೆಯನ್ನು ಮಾಡಿಸಿಕೊಳ್ಳಲಿ. ಅಂತಹ ಗಾಡಿಯನ್ನು ಇಟ್ಟುಕೊಂಡವರಿಗೆ ಅದೇನೂ ದೊಡ್ಡ ಖರ್ಚಲ್ಲ.