ಬೇಲಿ ಎದ್ದು ಹೊಲ ಮೇಯ್ದ ಕಥೆ



ಮಳೆ ಹಿಡಿದ ಮೇಲೆ ಎರಡು ಪ್ರಶ್ನೆ ಬಂದಿವೆ. ಗುಬ್ಬಿ ಕಡೆಯ ಅಣ್ಣನೊಬ್ಬರು, ತೋಟದ ಮನೆ ಸುತ್ತ ಕಾಂಗ್ರೆಸ್ ಗಿಡ ಸೊಂಟದುದ್ದ ಎದ್ದಿದೆ, ಯಾವ ಔಷಧಿ ಹೊಡೀಲಿ ಅಂತ ಕೇಳಿದ್ದಾರೆ. ಕುಣಿಗಲ್ ಕಡೆಯ ಹುಡುಗನೊಬ್ಬ ಹೊಸ ಮನೆ ಕಟ್ಟಿದ್ದಾನೆ. ನರ್ಸರಿಯವರು ಮನೆ ಮುಂದಕ್ಕೆ ಹಳದಿ ಹೂವಿನ ಹಬ್ಬೋ ಬಳ್ಳಿ ಕೊಡ್ತೀವಿ, ನೀರೂ ಬೇಡ, ಆರೈಕೆಯೂ ಬೇಡ ಅಂತಾರಂತೆ, ಹಾಕಿಸಲಾ ಅಂತ ಕೇಳಿದ್ದಾನೆ. ಒಬ್ಬರದು ಕಳೆ ತೆಗೆಯೋ ಚಿಂತೆ, ಇನ್ನೊಬ್ಬರದು ಅಂಗಳ ಚೆಂದ ಮಾಡೋ ಚಿಂತೆ. ನನಗೆ ಎರಡೂ ಒಂದೇ ಪ್ರಶ್ನೆ ಅನ್ನಿಸ್ತು. ಯಾಕೆ ಅಂತ ಹೇಳಬೇಕಾದರೆ ಇನ್ನೂರು ವರ್ಷ ಹಿಂದಕ್ಕೆ ಹೋಗಬೇಕು. ಸ್ವಲ್ಪ ಉದ್ದ ಆಗುತ್ತೆ, ಬಿಡುವು ಮಾಡ್ಕೊಂಡು ಓದಿ.

ಕಳೆ ಅನ್ನೋದು ಹೊಸದೇನಲ್ಲ. ಗರಿಕೆ, ಜೇಕು ನಮ್ಮ ತಾತ ಮುತ್ತಾತನ ಕಾಲದಿಂದಲೂ ಹೊಲದಲ್ಲಿದ್ದವೇ. ಟಿಪ್ಪು ಸತ್ತ ಮರುವರ್ಷ, ಅಂದರೆ 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯವರು ಫ್ರಾನ್ಸಿಸ್ ಬುಕನನ್ ಅನ್ನೋ ಡಾಕ್ಟರನ್ನ ಮೈಸೂರು ಸೀಮೆ ನೋಡಿ ವರದಿ ಮಾಡು ಅಂತ ಕಳಿಸಿದರು. ಆತ ಸಿರಾ, ಗುಬ್ಬಿ ಕಡೆಯೆಲ್ಲ ಓಡಾಡಿದ. ಅವನ ಬರಹ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟವಾಗಿ ಅಚ್ಚಾಯ್ತು. ರಾಗಿ ಪೈರಿನ ಸಾಲಿನ ನಡುವೆ ಎತ್ತು ಕಟ್ಟಿ ಕುಂಟೆ ಹೊಡೆಯೋದನ್ನ ಅದರಲ್ಲಿ ಬಿಡಿಸಿ ಬರೆದಿದ್ದಾನೆ. ಮಾಗಿ ಉಳುಮೆ, ಎಡೆಕುಂಟೆ, ರಾಗಿ ನಡುವೆ ಅವರೆ, ತೊಗರಿ, ಹುಚ್ಚೆಳ್ಳಿನ ಅಕ್ಕಡಿ ಸಾಲು, ಕಳೆ ಜಾಸ್ತಿ ಇದ್ದ ನೆಲಕ್ಕೆ ದಟ್ಟವಾಗಿ ಹುರುಳಿ ಎರಚೋದು, ಇವೇ ನಮ್ಮವರ ಕಳೆನಾಶಕ. ಹಳೇ ಕಳೆಗೆ ಅಷ್ಟು ಸಾಕಾಗ್ತಿತ್ತು. ಯಾಕಂದರೆ ಆ ಕಳೆಗಳನ್ನ ತಿನ್ನೋ ದನ, ಹುಳು, ರೋಗ ಎಲ್ಲವೂ ಇಲ್ಲೇ ಇದ್ದವು.

ತೊಂದರೆ ಶುರುವಾಗಿದ್ದು ಬೇಲಿಯಿಂದ. ಮೊದಲನೇದು ಪಾಪಾಸುಕಳ್ಳಿ. ಅಂಗೈ ಅಗಲದ ಹಸಿರು ಹಲ್ಲೆ, ಮೈತುಂಬ ಮುಳ್ಳು, ಕೆಂಪು ಹಣ್ಣು. ಅಮೆರಿಕ ಖಂಡದ ಗಿಡ ಅದು. ಹಲ್ಲೆ ಮುರಿದು ನೆಲಕ್ಕೆ ಚುಚ್ಚಿದರೆ ಸಾಕು, ದನ ನುಗ್ಗದ ಬೇಲಿ ತಯಾರು. ಹಾಗಾಗಿ ಹೊಲದ ಬದುವಿಗೆ, ಊರ ಸುತ್ತಕ್ಕೆ ಜನ ಖುಷಿಯಿಂದ ನೆಟ್ಟರು. ಕಂಪನಿಯವರಿಗೆ ಇದರಲ್ಲಿ ಇನ್ನೊಂದು ಆಸೆ ಇತ್ತು. ಮೆಕ್ಸಿಕೋದಲ್ಲಿ ಈ ಜಾತಿ ಕಳ್ಳಿ ಮೇಲೆ ಕೊಚಿನೀಲ್ ಅನ್ನೋ ಸಣ್ಣ ಹುಳು ಸಾಕಿ, ಒಣಗಿಸಿ ಅರೆದು ಕೆಂಪು ಬಣ್ಣ ತೆಗೀತಿದ್ದರು. ಬಟ್ಟೆಗೆ ಹಾಕೋ ಆ ಬಣ್ಣಕ್ಕೆ ಯುರೋಪಿನಲ್ಲಿ ಭಾರೀ ಬೆಲೆ. ಮದ್ರಾಸಿನಲ್ಲಿ ಜೇಮ್ಸ್ ಆಂಡರ್ಸನ್ ಅನ್ನೋ ಕಂಪನಿ ವೈದ್ಯ ಇದಕ್ಕೇ ಅಂತ ಕಳ್ಳಿ ತೋಟ ಮಾಡಿದ. 1795ರಲ್ಲಿ ಬ್ರೆಜಿಲ್‌ನಿಂದ ಹುಳು ಹಡಗಿನಲ್ಲಿ ಕಲ್ಕತ್ತಾಕ್ಕೆ ಬಂತು. ಆದರೆ ಬಂದಿದ್ದು ಸಾಕು ಹುಳು ಅಲ್ಲ, ಕಾಡು ಜಾತಿ. ಬಣ್ಣ ಕಡಿಮೆ, ಹೊಟ್ಟೆಬಾಕತನ ಜಾಸ್ತಿ. ಬಣ್ಣದ ವ್ಯಾಪಾರ ನೆಲಕಚ್ಚಿತು. ಹುಳು ಮಾತ್ರ ಕಳ್ಳಿಯನ್ನ ತಿಂದು ಮುಗಿಸ್ತು. 1830ರ ದಶಕದಲ್ಲಿ ದಕ್ಷಿಣಕ್ಕೂ ತಂದಾಗ ಇಲ್ಲೂ ಹಾಗೇ ಆಯ್ತು. ಕಳೆಯನ್ನ ಹುಳುವಿನಿಂದ ಹದ್ದಿನಲ್ಲಿಡಬಹುದು ಅಂತ ಜಗತ್ತಿಗೆ ಮೊದಮೊದಲು ತೋರಿಸಿಕೊಟ್ಟದ್ದು ನಮ್ಮ ದೇಶದ ಕಳ್ಳಿ ಬೇಲಿ, ಅದೂ ಯಾರೂ ಹಾಗಂತ ಲೆಕ್ಕ ಹಾಕದೆ ಆದದ್ದು.

ಕಥೆ ಅಲ್ಲಿಗೇ ಮುಗೀಲಿಲ್ಲ. ಪಾಪಾಸುಕಳ್ಳಿಯಲ್ಲಿ ಇನ್ನೊಂದು ಜಾತಿ ಇತ್ತು. ಈ ಹುಳು ಅದನ್ನ ಮುಟ್ಟಲಿಲ್ಲ. ಒಂದು ಜಾತಿ ಹೋದ ಜಾಗದಲ್ಲಿ ಎರಡನೇದು ಹಬ್ಬಿ ಬದು, ಗೋಮಾಳ ಎಲ್ಲ ಹಿಡೀತು. ಬೇಲಿಯೇ ಎದ್ದು ಹೊಲ ಮೇಯ್ತು ಅಂತ ನಾವು ಗಾದೆಗೆ ಹೇಳ್ತೀವಿ, ಇದು ಅಕ್ಷರಶಃ ಹಾಗೇ ನಡೀತು. ಕಡಿದು ಬಿಸಾಕಿದರೆ ಬಿದ್ದ ಹಲ್ಲೆ ಎಲ್ಲ ಬೇರು ಬಿಡ್ತಿತ್ತು. ಕೊನೆಗೆ 1926ರಲ್ಲಿ ಸಿಲೋನಿನಿಂದ ಇನ್ನೊಂದು ಜಾತಿ ಕೊಚಿನೀಲ್ ಹುಳು ದಕ್ಷಿಣ ಭಾರತಕ್ಕೆ ತಂದರು. ಬೀಗಕ್ಕೆ ತಕ್ಕ ಬೀಗದಕೈ ಸಿಕ್ಕಂಗಾಯ್ತು. ಐದಾರು ವರ್ಷದಲ್ಲಿ ಕಳ್ಳಿ ಮೆಳೆಗಳು ಕೊಳೆತು ಕುಸಿದವು. ಇವತ್ತು ನಮ್ಮ ಕಡೆ ಅಲ್ಲೊಂದು ಇಲ್ಲೊಂದು ಪಾಪಾಸುಕಳ್ಳಿ ಕಂಡರೆ ಹಲ್ಲೆ ಮೇಲೆ ಸುಣ್ಣ ಬಳಿದಂಗೆ ಬಿಳೀ ಬೂಷ್ಟು ಇದೆಯಾ ನೋಡಿ. ಬೆರಳಲ್ಲಿ ಅಮುಕಿದರೆ ರಕ್ತದ ಬಣ್ಣ ಬರುತ್ತೆ. ಅದೇ ಆ ಹುಳು.

ಆಸ್ಟ್ರೇಲಿಯಾದಲ್ಲೂ ಇದೇ ಕಳ್ಳಿ ರೈತರನ್ನ ಜಮೀನು ಬಿಟ್ಟು ಹೋಗೋ ಹಂಗೆ ಮಾಡಿತ್ತು. ಅಲ್ಲಿ ಅರ್ಜೆಂಟೀನಾದ ಒಂದು ಪತಂಗದ ಮರಿಹುಳು ತಂದು ಬಿಟ್ಟು ಗೆದ್ದರು. ಬೂನಾರ್ಗಾ ಅನ್ನೋ ಹಳ್ಳಿಯವರು 1936ರಲ್ಲಿ ಆ ಪತಂಗದ ಹೆಸರಿನಲ್ಲಿ ಒಂದು ಸಮುದಾಯ ಭವನವನ್ನೇ ಕಟ್ಟಿದ್ದಾರೆ. ಹುಳುವಿಗೆ ಸ್ಮಾರಕ!

ಎರಡನೇದು ಲಂಟಾನ. ಇದು ಬಂದದ್ದು ಬೇಲಿಗೂ ಅಲ್ಲ, ಬರೀ ಚೆಂದಕ್ಕೆ. 1809ರ ಸುಮಾರಿಗೆ ಕಲ್ಕತ್ತಾದ ಸಸ್ಯೋದ್ಯಾನಕ್ಕೆ ಅಲಂಕಾರದ ಗಿಡ ಅಂತ ತಂದರು. ಹಳದಿ, ಕೇಸರಿ, ಗುಲಾಬಿ ಬಣ್ಣ ಬದಲಿಸೋ ಹೂವು ದೊರೆಗಳ ಬಂಗಲೆ ಮುಂದೆ ಕಾಂಪೌಂಡ್ ಬೇಲಿಯಾಯ್ತು. ಪಿಕಳಾರ ಹಕ್ಕಿ ಕಪ್ಪು ಹಣ್ಣು ತಿಂದು ಕಂಡಕಂಡಲ್ಲಿ ಬೀಜ ಹಾಕ್ತು. ಇವತ್ತು ದೇವರಾಯನದುರ್ಗದ ಕಾಡಿನಿಂದ ಹಿಡಿದು ನಮ್ಮ ಹಳ್ಳದ ದಡದವರೆಗೆ ಅದೇ ಇದೆ. ದನ ಎಲೆ ತಿಂದರೆ ಕಾಮಾಲೆ ಥರ ಆಗಿ, ಬಿಸಿಲಿಗೆ ಚರ್ಮ ಸುಲಿಯುತ್ತೆ. ಕುರಿ ದನ ಕಾಯೋರಿಗೆಲ್ಲ ಇದು ಗೊತ್ತು.

ಲಂಟಾನಕ್ಕೂ ಹುಳು ತಂದು ನೋಡಿದರು. 1921ರಲ್ಲಿ ಹವಾಯಿಯಿಂದ ಹಣ್ಣು ಕೊರೆಯೋ ನೊಣ ಬಂತು. 1941ರಲ್ಲಿ ಆಸ್ಟ್ರೇಲಿಯಾದಿಂದ ಎಲೆಯ ರಸ ಹೀರೋ ಒಂದು ತಿಗಣೆ ಡೆಹ್ರಾಡೂನಿಗೆ ಬಂತು, ಆದರೆ ತೇಗದ ಹೂವನ್ನೂ ತಿನ್ನುತ್ತೆ ಅನ್ನೋ ಭಯಕ್ಕೆ ಬಿಡುಗಡೆ ಮಾಡಲಿಲ್ಲ. ಅದು ಹೇಗೋ ತಪ್ಪಿಸಿಕೊಂಡು ಹೊರಗೆ ಹೋಯ್ತು. ನೂರು ವರ್ಷವಾದರೂ ಲಂಟಾನ ಬಗ್ಗಿಲ್ಲ. ಒಂದು ಮುಖ್ಯ ಕಾರಣ ಏನು ಗೊತ್ತಾ? ಯುರೋಪಿನ ತೋಟಗಾರರು ಬಣ್ಣದ ಆಸೆಗೆ ಹಲವು ಜಾತಿ ಬೆರೆಸಿ ಬೆರೆಸಿ ಹೊಸ ತಳಿ ಮಾಡಿದ್ದರು. ಕಾಡಿನಲ್ಲಿ ಹುಟ್ಟಿದ ಗಿಡಕ್ಕೆ ಕಾಡಿನಲ್ಲೇ ಶತ್ರು ಇರುತ್ತೆ. ಮನುಷ್ಯ ಬೆರೆಸಿ ಮಾಡಿದ ಗಿಡಕ್ಕೆ ಸರಿಯಾದ ಶತ್ರುವನ್ನ ಹುಡುಕೋದು ಕಷ್ಟ. ಮಲೆ ಮಹದೇಶ್ವರ ಬೆಟ್ಟದ ಕಡೆ ಸೋಲಿಗರು ಲಂಟಾನ ಕಡ್ಡಿಯಲ್ಲಿ ಕುರ್ಚಿ, ಬುಟ್ಟಿ ಮಾಡಿ ಬದುಕು ಕಟ್ಟಿಕೊಂಡಿದ್ದಾರೆ. ಆದರೆ ಮಾಡಿ ಮುಗಿಸೋ ಅಷ್ಟು ಕಡಿಮೆ ಇಲ್ಲ ಅದು.

ಕೆರೆಯಲ್ಲಿ ತೇಲೋ ನೀಲಿ ಹೂವಿನ ಕಳೆಯದೂ ಇದೇ ಜಾತಕ. ನಮ್ಮ ಕಡೆ ಅಂತರಗಂಗೆ ಅಂತಾರೆ. ದಕ್ಷಿಣ ಅಮೆರಿಕದ ಗಿಡ, ಹೂವು ಚೆಂದ ಅಂತ ಕೊಳಕ್ಕೆ ತಂದರು, ಕೆರೆ ತುಂಬಿತು. 1980ರ ದಶಕದ ಮೊದಲಲ್ಲಿ ಇದಕ್ಕೆ ಸೊಂಡಿಲು ಹುಳು ತರಿಸಿ ಬೆಂಗಳೂರಿನ ಕೆರೆಗಳಲ್ಲಿ ಬಿಟ್ಟರು. ಹುಳು ಕೆಲಸ ಮಾಡುತ್ತೆ. ಆದರೆ ಚರಂಡಿ ನೀರು ಹರಿಯೋ ಕೆರೆಯಲ್ಲಿ ಗೊಬ್ಬರ ಜಾಸ್ತಿಯಾಗಿ, ಹುಳು ತಿನ್ನೋದಕ್ಕಿಂತ ಬೇಗ ಗಿಡ ಬೆಳೆಯುತ್ತೆ. ಚರಂಡಿ ನಿಲ್ಲಿಸದೆ ಹುಳುವನ್ನ ಬೈದು ಪ್ರಯೋಜನ ಇಲ್ಲ.

ಈಗ ಕಾಂಗ್ರೆಸ್ ಗಿಡಕ್ಕೆ ಬರ್ತೀನಿ. ಇದನ್ನ ಯಾರೂ ಕರೆದು ತರಲಿಲ್ಲ. ಅಮೆರಿಕದ ಗೋಧಿ ಜೊತೆ ಬಂತು ಅಂತ ಜನ ಹೇಳೋದು. 1950ರ ದಶಕದ ನಡುವೆ ಪುಣೆಯಲ್ಲಿ ಕಣ್ಣಿಗೆ ಬಿತ್ತು. ಇಪ್ಪತ್ತು ವರ್ಷದಲ್ಲಿ ನಮ್ಮ ರಾಜ್ಯವೆಲ್ಲ ಹಬ್ಬಿ, 1975ರಲ್ಲಿ ಕರ್ನಾಟಕ ಸರ್ಕಾರ ಕಾಯ್ದೆ ಕೆಳಗೆ ಇದನ್ನ ಹಾನಿಕಾರಕ ಕಳೆ ಅಂತ ಘೋಷಿಸಬೇಕಾಯ್ತು. ಒಂದು ಗಿಡ ಹತ್ತು ಸಾವಿರಕ್ಕೂ ಮೀರಿ ಬೀಜ ಉದುರಿಸುತ್ತೆ. ಮುಟ್ಟಿದವರಿಗೆ ಮೈ ಕಡಿತ, ಉಸಿರಾಡಿದವರಿಗೆ ದಮ್ಮು.

1983ರಲ್ಲಿ ಮೆಕ್ಸಿಕೋದಿಂದ ಒಂದು ದುಂಬಿ ಬೆಂಗಳೂರಿಗೆ ಬಂತು. ಹೆಸರು ಜೈಗೋಗ್ರಾಮ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಕೆ.ಪಿ. ಜಯಂತ್ ಅವರು ಇದರ ಮೇಲೆ ಕೆಲಸ ಮಾಡಿದರು. ನಮ್ಮ ತುಮಕೂರು ಪಕ್ಕದ ಹಿರೇಹಳ್ಳಿ ಕೇಂದ್ರ ಇದೆಯಲ್ಲ, ಅದೇ ಸಂಸ್ಥೆ. ನಮ್ಮ ಬೆಳೆಗಳನ್ನೆಲ್ಲ ಮುಂದಿಟ್ಟು, ಯಾವುದನ್ನಾದರೂ ತಿನ್ನುತ್ತಾ ಅಂತ ಪರೀಕ್ಷೆ ಮಾಡಿ 1984ರಲ್ಲಿ ಬಯಲಿಗೆ ಬಿಟ್ಟರು. ನಾಲ್ಕೈದು ವರ್ಷದಲ್ಲಿ ಬೆಂಗಳೂರು ಸುತ್ತ ಗಿಡ ಬೋಳಾಗತೊಡಗಿತು. 1990ರ ದಶಕದ ಮೊದಲಲ್ಲಿ ಈ ದುಂಬಿ ಸೂರ್ಯಕಾಂತಿ ಮೇಲೆ ಕಂಡಾಗ ರೈತರು ಗಾಬರಿಯಾದರು, ಸಮಿತಿ ಕೂತು ನೋಡಬೇಕಾಯ್ತು. ಕಾಂಗ್ರೆಸ್ ಗಿಡದ ಪರಾಗ ಬಿದ್ದ ಸೂರ್ಯಕಾಂತಿ ಎಲೆಯನ್ನ ಅದು ಕಚ್ಚಿ ನೋಡುತ್ತೆ, ಆದರೆ ಅದರ ಮೇಲೆ ವಂಶ ಬೆಳೆಸಲ್ಲ ಅಂತ ತಿಳೀತು. ಆ ಗಾಬರಿ ತಪ್ಪಲ್ಲ. ಹೊರಗಿನ ಹುಳು ತರೋವಾಗ ಅಷ್ಟು ಭಯ ಇರಬೇಕು.

ದುಂಬಿಗೆ ಒಂದು ಮಿತಿ ಇದೆ. ಮಳೆಗಾಲ ಕಳೆದ ಮೇಲೆ ಮಣ್ಣೊಳಗೆ ಹೋಗಿ ಮಲಗಿಬಿಡುತ್ತೆ, ಮತ್ತೆ ಮುಂಗಾರಿಗೇ ಏಳೋದು. ನೀರು ಸಿಗೋ ತೋಟದ ಬದುವಿನಲ್ಲಿ ಗಿಡ ಮಾತ್ರ ವರ್ಷಪೂರ್ತಿ ಬೆಳೆಯುತ್ತೆ. ಅದಕ್ಕೆ ಧಾರವಾಡ ಕೃಷಿ ವಿಶ್ವವಿದ್ಯಾಲಯದಲ್ಲಿ ಡಾ. ಎಂ. ಮಹದೇವಪ್ಪನವರು ಇನ್ನೊಂದು ದಾರಿ ಹೇಳಿದರು. ತಗಚೆ ಜಾತಿಯ ಗಿಡದ ಬೀಜ ದಟ್ಟವಾಗಿ ಎರಚಿ, ಕಾಂಗ್ರೆಸ್ ಗಿಡಕ್ಕೆ ಜಾಗವೇ ಸಿಗದಂತೆ ಮಾಡೋದು. ನಮ್ಮ ಹಿರಿಯರ ಹುರುಳಿ ಲೆಕ್ಕವೇ ಇದು. 1997ರಲ್ಲಿ ಈ ಒಂದು ಗಿಡದ ಮೇಲೆ ಧಾರವಾಡದಲ್ಲಿ ಅಂತರರಾಷ್ಟ್ರೀಯ ಸಮ್ಮೇಳನವೇ ನಡೆದಿತ್ತು.

ಇಷ್ಟು ಹೇಳಿದ್ದು ಯಾಕೆ? ಗುಬ್ಬಿ ಅಣ್ಣನಿಗೆ ಮೊದಲು ಉತ್ತರ. ಆಳು ಸಿಗಲ್ಲ, ಕೂಲಿ ಕೊಟ್ಟು ಪೂರೈಸಲ್ಲ, ಅದಕ್ಕೆ ಜನ ಔಷಧಿ ಹೊಡೀತಾರೆ, ಅವರನ್ನ ನಾನು ಬೈಯಲ್ಲ. ಆದರೆ ಮನೆ ಸುತ್ತ ಬೇಡ. ಗ್ಲೈಫೋಸೇಟ್ ಬಳಕೆಯನ್ನ ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಪರವಾನಗಿ ಇರೋ ಕೀಟ ನಿಯಂತ್ರಕರಿಗೆ ಮಾತ್ರ ಅಂತ ಮಿತಿ ಮಾಡಿದೆ. ಪ್ಯಾರಾಕ್ವಾಟ್ ಹೊಟ್ಟೆಗೆ ಹೋದರೆ ಅದಕ್ಕೆ ಪ್ರತಿವಿಷವೇ ಇಲ್ಲ. ಮಕ್ಕಳು, ಕರು, ಕೋಳಿ ಓಡಾಡೋ ಅಂಗಳ, ಪಕ್ಕದಲ್ಲೇ ಬಾವಿ. ಜೊತೆಗೆ ಔಷಧಿಗೆ ಸತ್ತ ಜಾಗ ಬೋಳು ನೆಲ. ಬೋಳು ನೆಲಕ್ಕೆ ಮೊದಲು ಬರೋದೇ ಕಾಂಗ್ರೆಸ್ ಗಿಡ.

ಮಳೆ ಬಂದು ನೆಲ ಮೆತ್ತಗಿರುವಾಗ, ಹೂ ಬಿಡೋ ಮುಂಚೆ, ಕೈಗೆ ಗ್ಲೌಸ್, ಮೂಗಿಗೆ ಬಟ್ಟೆ ಕಟ್ಟಿ ಬೇರು ಸಮೇತ ಕೀಳಿಸಿ. ಹೂ ಬಿಡದ ಗಿಡವನ್ನ ಸಗಣಿ ಬಗ್ಗಡ ಹಾಕಿ ಗುಂಡಿಯಲ್ಲಿ ಕೊಳೆಸಿದರೆ ಒಳ್ಳೇ ಗೊಬ್ಬರ. ಕಿತ್ತ ಜಾಗ ಖಾಲಿ ಬಿಡಬೇಡಿ. ನಮಗೇನು ತೆಂಗಿನ ಗರಿ, ಕಾಯಿ ಸಿಪ್ಪೆಗೆ ಬರವೇ? ಒಂದು ಗೇಣು ದಪ್ಪ ಮುಚ್ಚಿ. ಇಲ್ಲಾ ಹುರುಳಿ, ಅಲಸಂದೆ ಎರಚಿ. ಎಲೆ ಮೇಲೆ ಬೆಳ್ಳಗಿದ್ದು ಕಂದು ಗೆರೆ ಇರೋ ಸಣ್ಣ ದುಂಬಿ ಕಂಡರೆ ಆ ಗಿಡಕ್ಕೆ ಔಷಧಿ ಸೋಕಿಸಬೇಡಿ. ಅದು ಕೂಲಿ ಕೇಳದ ಆಳು. ಸಿಮೆಂಟ್ ಕಲ್ಲಿನ ಸಂದಿಯಲ್ಲಿ ಬರೋ ಕಳೆಗೆ ಕುದಿಯೋ ನೀರು ಸಾಕು. ಉಪ್ಪು ಮಾತ್ರ ಹಾಕಬೇಡಿ, ಪಕ್ಕದ ಗಿಡದ ಮಣ್ಣೂ ಕೆಡುತ್ತೆ.

ಇನ್ನು ಕುಣಿಗಲ್ ಹುಡುಗನಿಗೆ. ನರ್ಸರಿಯವರು ಹೇಳೋ ಆ ಹಳದಿ ಹೂವಿನ ಬಳ್ಳಿ ವೆಡೀಲಿಯಾ ಇರಬೇಕು. ಜಗತ್ತಿನ ನೂರು ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಲಂಟಾನ, ಅಂತರಗಂಗೆ, ಪಾಪಾಸುಕಳ್ಳಿ ಜೊತೆ ಅದರ ಹೆಸರೂ ಇದೆ. ನೀರು ಬೇಡ, ಆರೈಕೆ ಬೇಡ ಅನ್ನೋ ಮಾತನ್ನ ಪಾಪಾಸುಕಳ್ಳಿಗೂ ಹೇಳಿದ್ದರು ಕಣಪ್ಪ.

ಹೊರಗಿಂದ ಬಂದ ಗಿಡವೆಲ್ಲ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ರಾಗಿಯೇ ಆಫ್ರಿಕಾದಿಂದ ಬಂದದ್ದು, ಮೆಣಸಿನಕಾಯಿ ಅಮೆರಿಕದ್ದು. ಬೇಲಿಗೆ ಹಾಕೋ ಗೊಬ್ಬರದ ಗಿಡವೂ ಆ ಕಡೆಯದೇ, ಆದರೆ ಅದರ ಸೊಪ್ಪು ಗೊಬ್ಬರಕ್ಕೆ ಆಗುತ್ತೆ. ಗಿಡ ತರೋ ಮುಂಚೆ ಮೂರು ಪ್ರಶ್ನೆ ಕೇಳು. ಮೇಕೆ ದನ ತಿನ್ನುತ್ತಾ? ಮುರಿದು ಬಿದ್ದ ತುಂಡು ಬೇರು ಬಿಡುತ್ತಾ? ಹಣ್ಣನ್ನ ಹಕ್ಕಿ ಹೊತ್ತೊಯ್ದು ಬೀಜ ಹರಡುತ್ತಾ? ಯಾವ ಪ್ರಾಣಿಯೂ ತಿನ್ನಲ್ಲ, ಆದರೆ ತುಂಡಿನಲ್ಲೋ ಬೀಜದಲ್ಲೋ ತಾನೇ ಹಬ್ಬುತ್ತೆ ಅಂದರೆ ಆ ಗಿಡ ಮನೆಗೆ ಬೇಡ.

ಲಾನ್ ಬೇಕಾದರೆ ಗರಿಕೆಯನ್ನೇ ಹಬ್ಬಿಸು, ಗಣೇಶನಿಗೂ ಆಯ್ತು, ಕರುವಿಗೂ ಆಯ್ತು. ಹೊಲದ ಕಡೆಗೆ ದಾಟದಂತೆ ಕಲ್ಲಿನ ಅಂಚು ಕಟ್ಟು. ಬೇಲಿಗೆ ಲಕ್ಕಿ, ಆಡುಸೋಗೆ, ದಾಸವಾಳ ಸಾಲಾಗಿ ಹಾಕು. ಲಕ್ಕಿ ಸೊಪ್ಪು ಬಾಣಂತಿ ನೀರಿಗೆ, ಆಡುಸೋಗೆ ಕೆಮ್ಮಿಗೆ, ದಾಸವಾಳ ದೇವರಿಗೆ. ಮೂಲೆಯಲ್ಲಿ ಒಂದು ಹೊಂಗೆ ಇರಲಿ. ಅದರ ನೆರಳಲ್ಲಿ ಕಾಂಗ್ರೆಸ್ ಗಿಡ ಅಷ್ಟಾಗಿ ಏಳಲ್ಲ, ನೀನೂ ಚಾಪೆ ಹಾಕ್ಕೊಂಡು ಕೂರಬಹುದು.

ನಿಮ್ಮೂರಿನಲ್ಲಿ ಪಾಪಾಸುಕಳ್ಳಿ ಬೇಲಿ ಇದ್ದ ಕಾಲ ನೋಡಿದವರ ಬಾಯಲ್ಲಿ ಕೇಳಿದ ಹಿರಿಯರಿದ್ದರೆ, ಯಾವ ಬದು, ಯಾವ ಹಳ್ಳ ಅಂತ ಕೇಳಿ ಕೆಳಗೆ ಬರೀರಿ. ಹಾಗೇ, ಈ ಮುಂಗಾರಿನಲ್ಲಿ ಕಾಂಗ್ರೆಸ್ ಗಿಡದ ಮೇಲೆ ದುಂಬಿ ಎಲ್ಲಿ ಕಂಡಿರಿ ಅಂತಲೂ ತಿಳಿಸಿ. ಜಾಸ್ತಿ ಇರೋ ಊರಿನಿಂದ ಡಬ್ಬಿಯಲ್ಲಿ ಹಿಡಿದು ತಂದು ಇಲ್ಲದ ಊರಿನ ಗಿಡದ ಮೇಲೆ ಬಿಡೋಣ. ಅದಕ್ಕೆ ಯಾರ ಅಪ್ಪಣೆಯೂ ಬೇಡ, ಖರ್ಚೂ ಇಲ್ಲ.