ಗೋಲ್‌ಕೀಪರ್ ಸಲಕರಣೆಗಳ ಹೊಂದಾಣಿಕೆ (ಹಾಕಿ)

ಹಾಕಿ ಗೋಲ್‌ಕೀಪರ್ ತೊಡುವ ಕಿಕ್ಕರ್ (ಪಾದದ ಕವಚ), ಪ್ಯಾಡ್, ಕೈಗವಸು, ಎದೆಗವಚ, ಹೆಲ್ಮೆಟ್‌ಗಳನ್ನು ಮೈಯಳತೆಗೆ ತಕ್ಕಂತೆ ಕೂರಿಸಿಕೊಳ್ಳುವ ಕ್ರಮ. ಕರ್ನಾಟಕದಲ್ಲಿ ಗೋಲ್‌ಕೀಪಿಂಗ್‌ಗೆ ಗಟ್ಟಿ ಪರಂಪರೆಯಿದೆ. ಕೊಡಗಿನ ಎ.ಬಿ. ಸುಬ್ಬಯ್ಯ, ಬೆಂಗಳೂರಿನ ಆಶಿಶ್ ಬಲ್ಲಾಳ್ 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಭಾರತ ತಂಡದಲ್ಲಿದ್ದರು. 1998ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್ ಫೈನಲ್‌ನ ಟೈಬ್ರೇಕರ್‌ನಲ್ಲಿ ದಕ್ಷಿಣ ಕೊರಿಯಾದ ಎರಡು ಸ್ಟ್ರೋಕ್‌ಗಳನ್ನು ಬಲ್ಲಾಳ್ ತಡೆದದ್ದರಿಂದಲೇ ಚಿನ್ನ ನಮ್ಮದಾಯಿತು.

ಮೊದಲು ಕಿಕ್ಕರ್: ಬೂಟಿನ ಮೇಲೆ ಅಲುಗಾಡದಂತೆ ಬಿಗಿಯಬೇಕು. ಅದರ ಮೇಲೆ ಪ್ಯಾಡಿನ ಕೆಳತುದಿ ಸಂದಿಲ್ಲದೆ ಕೂರಬೇಕು. ಮಂಡಿ ಅದಕ್ಕೆಂದೇ ಇರುವ ಭಾಗದ ನಡುವೆ ಬರಬೇಕು. ಪಟ್ಟಿ ಸಡಿಲವಾದರೆ ಪ್ಯಾಡ್ ತಿರುಗಿ, ಚೆಂಡು ಎದುರಾಳಿಯ ಸ್ಟಿಕ್ಕಿಗೇ ಚಿಮ್ಮಬಹುದು. ಅತಿಯಾಗಿ ಬಿಗಿದರೆ ಮೀನಖಂಡ ಜೋಮು ಹಿಡಿಯುತ್ತದೆ. ಐಸ್ ಹಾಕಿಯಲ್ಲಿ ಲೆಕ್ಕವೇ ಬೇರೆ. ಮಂಡಿಯೂರಿದಾಗ ಪ್ಯಾಡ್ ಕಾಲಿನ ಸುತ್ತ ಹೊರಳಲೆಂದು ಪಟ್ಟಿಯನ್ನು ಬೇಕೆಂದೇ ಸಡಿಲ ಬಿಡುತ್ತಾರೆ.

ಮೈದಾನದ ಹಾಕಿಯಲ್ಲಿ ಪ್ಯಾಡಿನ ಅಗಲ 300 ಮಿ.ಮೀ. ಮೀರುವಂತಿಲ್ಲ.

ಶಾಲಾ ತಂಡಗಳಲ್ಲಿ ಒಂದೇ ಕಿಟ್ ಹಲವು ಮಕ್ಕಳ ಮೈಗೇರುವುದುಂಟು. ಪಟ್ಟಿಗಳನ್ನು ಪ್ರತಿ ಮಗುವಿಗೂ ಹೊಸದಾಗಿ ಹೊಂದಿಸಬೇಕು. ದೊಗಳೆ ಹೆಲ್ಮೆಟ್ ತೊಟ್ಟ ಮಗುವನ್ನು ಗೋಲಿನಲ್ಲಿ ನಿಲ್ಲಿಸಲೇಬಾರದು.