ಹತ್ತಿ ಇಳಿದ ಘಾಟಿ

ಕುಮಟಾ-ಶಿರಸಿ ರಸ್ತೆಯಲ್ಲಿ ಓಡಾಡಿದವರಿಗೆ ದೇವಿಮನೆ ಘಾಟಿ ಅಂದ್ರೆ ಮೊದಲು ನೆನಪಾಗೋದು ತಿರುವುಗಳು, ಆಮೇಲೆ ಹೊಟ್ಟೆ ತೊಳಸಿದ್ದು :) ದೀವಗಿ ಹತ್ತಿರ ಕರಾವಳಿ ಹೆದ್ದಾರಿ ಬಿಟ್ಟು, ಕತಗಾಲ ದಾಟಿ, ಘಟ್ಟ ಹತ್ತಿ, ಬಂಡಲ, ರಾಗಿಹೊಸಳ್ಳಿ, ಅಮ್ಮಿನಳ್ಳಿ ಮೇಲಿಂದ ಶಿರಸಿ. ಸುಮಾರು ೬೦ ಕಿಲೋಮೀಟರ್. ಬಹಳ ವರ್ಷ ರಾಜ್ಯ ಹೆದ್ದಾರಿಯಾಗಿದ್ದ ಇದು ಈಗ ರಾಷ್ಟ್ರೀಯ ಹೆದ್ದಾರಿ ೭೬೬ಇ.

ಹತ್ತಿಯ ಹಳೆಯ ಪುಸ್ತಕಗಳಲ್ಲಿ 'ಕುಮಟಾ ಹತ್ತಿ' ಅಂತ ಒಂದು ತಳಿ ಸಿಗತ್ತೆ. ಕುಮಟೆಯಲ್ಲಿ ಹತ್ತಿ ಎಲ್ಲಿ ಬೆಳೀತಾರೆ ಮಾರಾಯ್ರೆ? ಬೆಳೆದದ್ದು ಧಾರವಾಡ ಸೀಮೆಯ ಎರೆ ಹೊಲದಲ್ಲಿ. ಅಲ್ಲಿಂದ ಘಟ್ಟ ಇಳಿದು, ಕುಮಟೆಯಲ್ಲಿ ಪತ್ತೆಮಾರಿ ಹಡಗು ಹತ್ತಿ ಮುಂಬಯಿಗೆ ಹೋಗ್ತಿತ್ತು. ಬೆಳೆದ ಊರಿನ ಹೆಸರು ಬಿಟ್ಟು ಹಡಗು ಹತ್ತಿದ ಊರಿನ ಹೆಸರು ಅಂಟಿಕೊಂಡಿತು. ಗಾಡಿ ರಸ್ತೆ ಆಗೋಕೆ ಮುಂಚೆ ಇದೆಲ್ಲ ಹೇರೆತ್ತುಗಳ ಬೆನ್ನ ಮೇಲೆ. ವಾಪಸು ಹೋಗುವಾಗ ಸಾಣಿಕಟ್ಟೆಯ ಉಪ್ಪು ಘಟ್ಟ ಹತ್ತುತ್ತಿತ್ತು.

ತಮಾಷೆ ಅಂದ್ರೆ, ಹತ್ತಿ ಬೆಳೆಯೋ ಧಾರವಾಡ ಮುಂಬಯಿ ಪ್ರಾಂತ್ಯದಲ್ಲಿ, ಹಡಗು ಹತ್ತೋ ಕುಮಟೆ ಮದರಾಸು ಪ್ರಾಂತ್ಯದಲ್ಲಿ! ಒಂದೇ ದಾರಿಗೆ ಎರಡು ಸರ್ಕಾರ. ಘಟ್ಟದ ಕೆಳಗಿನ ರಸ್ತೆ-ಬಂದರಿಗೆ ದುಡ್ಡು ಹಾಕೋಕೆ ಮದರಾಸಿಗೆ ಏನು ಗರಜು? ೧೮೬೧ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ನಿಂತಿತು, ಮ್ಯಾಂಚೆಸ್ಟರಿನ ಗಿರಣಿಯವರ ಕಣ್ಣು ಧಾರವಾಡದ ಮೇಲೆ ಬಿತ್ತು. ಅವರ ಒತ್ತಾಯವೂ ಸೇರಿ ೧೮೬೨ರಲ್ಲಿ ಉತ್ತರ ಕನ್ನಡ ಮುಂಬಯಿಗೆ ಹೋಯಿತು. ದಕ್ಷಿಣ ಕನ್ನಡ ಮದರಾಸಿನಲ್ಲೇ ಉಳಿಯಿತು. ೧೯೫೬ರವರೆಗೆ ಹೀಗೇ. ಅತ್ತ ತಹಶೀಲ್ದಾರ, ಇತ್ತ ಮಾಮಲೇದಾರ ಅನ್ನೋ ವ್ಯತ್ಯಾಸದ ಹಿಂದೆ ಹತ್ತಿಯ ಅಂಡಿಗೆಗಳಿವೆ ಅಂದ್ರೆ ನಗಬೇಡಿ. ಒಂದಾಗಿದ್ದ ಕೆನರಾ ಎರಡು ಜಿಲ್ಲೆಯಾದದ್ದು ಆಗಷ್ಟೇ. ಈ ವರ್ಗಾವಣೆ ಆ ಗೆರೆಯನ್ನು ಗೋಡೆ ಮಾಡಿಬಿಟ್ಟಿತು ಅಂತ ನನ್ನ ಲೆಕ್ಕ.

ಅಷ್ಟೆಲ್ಲ ಮಾಡಿ ಕುಮಟೆಗೆ ಸಿಕ್ಕಿದ್ದೇನು? ಸರ್ಕಾರದ ಪ್ರೀತಿ ಕಾರವಾರದ ಮೇಲೆ. ಕುಮಟೆಯದ್ದು ತೆರೆದ ಕಡಲು, ಮಳೆಗಾಲದಲ್ಲಿ ಹಡಗಿಗೆ ಆಸರೆಯಿಲ್ಲ. ಕಾರವಾರದ್ದು ಒಳ್ಳೆ ಕೊಲ್ಲಿ. ಜಿಲ್ಲೆಯ ಮುಖ್ಯ ಊರೂ ಅದೇ ಆಯಿತು. ರೈಲು ಮಾತ್ರ ಕಾರವಾರಕ್ಕೂ ಬರಲಿಲ್ಲ! ೧೮೮೮ರಲ್ಲಿ ಕ್ಯಾಸಲ್‌ರಾಕ್ ಘಟ್ಟ ಇಳಿದು ಪೋರ್ಚುಗೀಸರ ಮುರ್ಮಗೋವೆಗೆ ಹೋಯಿತು. ಹತ್ತಿಯೂ ರೈಲು ಹತ್ತಿತು. ದೇವಿಮನೆಯಲ್ಲಿ ಗಾಡಿಗಳ ಸಾಲು ಕರಗಿತು. ಕುಮಟೆಗೆ ರೈಲು ಬಂದದ್ದು ೧೯೯೦ರ ದಶಕದಲ್ಲಿ, ಅದೂ ಕರಾವಳಿಗುಂಟ, ಕೊಂಕಣ ರೈಲ್ವೆಯಾಗಿ.

ಈಗ ಈ ರಸ್ತೆಯ ಅಗಲೀಕರಣಕ್ಕೆ ದುಡ್ಡು ಬಂದದ್ದು ಸಾಗರಮಾಲಾ ಯೋಜನೆಯಲ್ಲಿ, ಬೇಲೆಕೇರಿ ಬಂದರಿನ ಹೆಸರಲ್ಲಿ. ಮತ್ತೆ ಬಂದರು! ಘಟ್ಟದ ಗುಡ್ಡ ಕಡಿದಿದ್ದಾರೆ, ಮರಗಳು ಹೋಗಿವೆ. ಕತಗಾಲದಲ್ಲಿ ಮಾತ್ರ ಜೋರು ಮಳೆ ಬಂತಂದ್ರೆ ಚಂಡಿಕಾ ಹೊಳೆ ಉಕ್ಕಿ ರಸ್ತೆ ಮೇಲೇ ಬರತ್ತೆ. ಕುಮಟೆಯಲ್ಲಿ ಬಸ್ಸು ಹತ್ತೋ ಮುಂಚೆ ಒಂದು ಮಾತು ಕೇಳ್ಕೊಂಡು ಹೊರಡಿ.